ಎರಡನೆಯ ಕಾರ್ಡಿನ ವಿಭೂತಿ

ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಗುರುಪಾದಸ್ವಾಮಿ, ಹೆಂಡತಿ ಕೋಮಲಳನ್ನು ಮಣ್ಣು ಮಾಡಿದ ದಿನ ಅಳಲಿಲ್ಲ. ಆಮೇಲಿನ ಹನ್ನೊಂದು ತಿಂಗಳಲ್ಲೂ ಅಳಲಿಲ್ಲ. ನಾಲ್ಕನೇ ದಿನಕ್ಕೇ ಅಂಗಡಿ ಬಾಗಿಲು ತೆಗೆದ. ಬೀದಿಯವರು ಸುಮ್ಮನಿರುತ್ತಾರೆಯೇ? ಕಲ್ಲುಮನಸ್ಸಿನವನು ಅಂದರು. ಇದ್ದರೂ ಇರಬಹುದು ಎಂದು ಅವನಿಗೇ ಅನ್ನಿಸುತ್ತಿತ್ತು. ಸಾರಿಗೆ ಉಪ್ಪು ಹಾಕಿದೆಯೋ ಇಲ್ಲವೋ ಎಂಬುದೂ ಗೊತ್ತಾಗದೆ ಉಣ್ಣುತ್ತಿದ್ದ.

ಆ ದಿನ ಬೆಳಿಗ್ಗೆ ಹನೂರಿನ ಗೊಬ್ಬರದಂಗಡಿ ಮಹದೇವಪ್ರಸಾದ್ ಕಂಪ್ಯೂಟರನ್ನು ಕಾರಿನಲ್ಲಿ ಹಾಕಿಕೊಂಡು ಬಂದ. ಮೂವತ್ತು ದಾಟಿದರೂ ಕಾರ್ ರೇಸಿನ ಗೇಮಿನ ಹುಚ್ಚು ಬಿಡದ ಆಸಾಮಿ. ಕಳೆದ ವರ್ಷ, ಗೇಮಿನ ಚಿತ್ರ ಸರಾಗವಾಗಿ ಓಡಲೆಂದು, ಇಲ್ಲೇ ಎರಡು ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಕಟ್ಟಿಸಿದ್ದ. ಎರಡು ಕಾರ್ಡಿನ ಕಾಲವೇ ಮುಗಿಯಿತು ಎಂದು ಗುರುಪಾದಸ್ವಾಮಿ ಅಂದರೂ ಕೇಳಿರಲಿಲ್ಲ.

“ಸ್ವಾಮಣ್ಣ, ತಿರುವಲ್ಲಿ ಕಾರು ತಡವರಿಸ್ತದೆ. ಎರಡು ಕಾರ್ಡ್ ಇದ್ರೂ ಒಂದೇ ತೋರಿಸ್ತದೆ. ಒಂದು ವರ್ಸದಿಂದ ಇಂಗೇಯ. ಗೇಮೇ ಅಂಗೆ ಅನ್ಕಂಡಿದ್ದೆ.”

“ನೋಡ್ತೀನಿ, ಕೂತ್ಕೊ.”

ಗುರುಪಾದಸ್ವಾಮಿ ಕಾರ್ಡಿನ ಡ್ರೈವರ್ ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕಿದ. ಪ್ರಯೋಜನವಾಗಲಿಲ್ಲ. ಕಾರ್ಡುಗಳ ಜಾಗ ಅದಲುಬದಲು ಮಾಡಿದ. ಮೊದಲನೆಯದು ಎಲ್ಲಿ ಕೂರಿಸಿದರೂ ಓಡಿತು, ಎರಡನೆಯದು ಎಲ್ಲೂ ಓಡಲಿಲ್ಲ. ಹಾಗಾದರೆ ದೋಷ ಕಾರ್ಡಿನದೇ. ಕೈಗೆತ್ತಿಕೊಂಡು ಬೆಳಕಿಗೆ ಹಿಡಿದ.

ಬೋರ್ಡಿನ ಸೀಳಿಗೆ ಕೂರುವ ಕೆಳಗಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮೂರು ಬೆರಳಿನ ವಿಭೂತಿ, ಕರೆಂಟು ಹಾಯದಂತೆ ಗಟ್ಟಿಯಾಗಿ ಕೂತಿತ್ತು.

ಅದು ಈ ಅಂಗಡಿಯ ಪದ್ಧತಿ. ಕಂಪ್ಯೂಟರ್ ಕಟ್ಟಿ, ಓಡಿಸಿ ನೋಡಿ, ಕಾರ್ಡುಗಳನ್ನು ಹೊರಗೆ ತೆಗೆದು ಕೋಮಲಳ ಮುಂದಿಡುವುದು. ಅವಳು ಮಾದಪ್ಪನ ಬೆಟ್ಟದಿಂದ ತಂದ ವಿಭೂತಿಯನ್ನು ನೀರಲ್ಲಿ ಕಲಸಿ, ಫ್ಯಾನಿನ ಮೇಲಿನ ಮುಚ್ಚಳಕ್ಕೆ ಮೂರು ಗೆರೆ ಎಳೆದು ಕೊಟ್ಟ ಮೇಲೆ ಒಳಗೆ ಕೂರಿಸಿ ಮುಚ್ಚುವುದು. ಆಮೇಲೆ ಇನ್ನೊಮ್ಮೆ ಓಡಿಸಿ ನೋಡುವುದಿಲ್ಲ. ಮಾದಪ್ಪನ ವಿಭೂತಿ ಇಟ್ಟ ಮೇಲೂ ಅನುಮಾನಪಡುವುದುಂಟೇ?

ಇದು ಅವಳು ಕೈಯಿಟ್ಟ ಕೊನೆಯ ಕಂಪ್ಯೂಟರ್. ಆಗಲೇ ಕೈ ನಡುಗುತ್ತಿತ್ತು. ಬೆರಳು ಜಾರಿದೆ, ಇವನು ನೋಡಿಲ್ಲ. ಮಾರನೆಯ ವಾರ ಅವಳನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದರು.

ಪೆನ್ಸಿಲ್ ಅಳಿಸುವ ರಬ್ಬರಿನಿಂದ ನಾಲ್ಕು ಸಲ ಉಜ್ಜಿದರೆ ಕೆಲಸ ಮುಗಿಯಿತು. ಗುರುಪಾದಸ್ವಾಮಿಗೆ ಕೈ ಏಳಲಿಲ್ಲ. ಕೋಮಲಳ ಸೀರೆಗಳನ್ನು ಮುಳ್ಳೂರಿನಲ್ಲಿರುವ ಅವಳ ತಂಗಿ ಒಯ್ದಿದ್ದಳು. ಕೋಮಲ ಹಾಕಿಟ್ಟ ಉಪ್ಪಿನಕಾಯಿ ಮುಗಿದಿತ್ತು. ಕಟ್ಟಿಕೊಟ್ಟ ಉಳಿದ ಕಂಪ್ಯೂಟರುಗಳು ಯಾವ ಊರಿನ ಯಾವ ಮೂಲೆಯಲ್ಲಿವೆಯೋ. ಕಾರ್ಡ್ ಸತ್ತಿದೆ ಅಂದುಬಿಟ್ಟರೆ ಇದು ಇಲ್ಲೇ ಉಳಿಯುತ್ತದೆ. ಪ್ರಸಾದನಿಗೇನು ಗೊತ್ತಾಗುತ್ತದೆ, ಮಣ್ಣು!

“ಸತ್ತೋಗ್ಬುಟ್ಟದಾ ಅಣ್ಣ?” ಎಂದು ಪ್ರಸಾದನೇ ಕೇಳಿದ.

ಹೂಂ ಅಂದರೆ ಸಾಕಿತ್ತು. ಇಪ್ಪತ್ತು ವರ್ಷದಲ್ಲಿ ಒಬ್ಬ ಗಿರಾಕಿಗೂ ಸುಳ್ಳು ಹೇಳದ ಬಾಯಿ ಅದು.

“ಇಲ್ಲ ಕಣ್ಲಾ, ಚೆನ್ನಾಗೈತೆ. ನಮ್ಮದೇ ತಪ್ಪು,” ಎಂದ.

ಉಜ್ಜಿದ. ಬೂದಿ ಬಣ್ಣದ ಪುಡಿ ಮೇಜಿನ ಮೇಲೆ ಉದುರಿತು. ಏನೂ ಅನ್ನಿಸಲಿಲ್ಲ. ಅನ್ನಿಸಲಿಲ್ಲವಲ್ಲ ಎಂಬುದಕ್ಕೇ ಹೆದರಿಕೆಯಾಯಿತು. ಕಾರ್ಡ್ ಕೂರಿಸಿ ಆನ್ ಮಾಡಿದಾಗ ಎರಡೂ ತೋರಿದವು. ಗೇಮ್ ಹಾಕಿದರೆ ಕಾರು ತಿರುವಿನಲ್ಲಿ ಎಲ್ಲೂ ತಡವರಿಸದೆ ನುಗ್ಗಿತು. ಪ್ರಸಾದ ನಗುತ್ತ ಬಗ್ಗಿ, ಮೊದಲನೆಯ ಕಾರ್ಡಿನ ಮುಚ್ಚಳದ ಮೇಲಿದ್ದ ಮೂರು ಗೆರೆ ತೋರಿಸಿದ.

“ಇದ್ನೂ ಒರೆಸ್ಬುಡಣ್ಣ, ನೀಟಾಗಿರ್ಲಿ.”

“ಮುಟ್ಬ್ಯಾಡ.”

ದನಿ ತಾನಾಗಿ ಒಡೆದಿತ್ತು. ಪ್ರಸಾದ ಕೈ ಹಿಂದಕ್ಕೆಳೆದುಕೊಂಡ.

“ಅದು ಓಡ್ತಾ ಐತಲ್ಲ, ಇರ್ಲಿ,” ಎಂದು ಗುರುಪಾದಸ್ವಾಮಿ ಕಂಪ್ಯೂಟರಿನ ಮುಚ್ಚಳ ಹಾಕಿ ನಾಲ್ಕೂ ಸ್ಕ್ರೂ ಬಿಗಿದ. ತಾನೇ ಹೊತ್ತು ಕಾರಿನ ಸೀಟಿನ ಮೇಲಿಟ್ಟ. ಬಾಗಿಲು ಮುಚ್ಚದೆ ನಿಂತ.

“ಪ್ರಸಾದ, ತಿಂಗ್ಳಿಗೊಂದ್ಸಲ ತಕಂಡ್ ಬಾ. ಧೂಳು ತೆಗ್ದು ಕೊಡ್ತೀನಿ. ಕಾಸೇನೂ ಬ್ಯಾಡ.”