ಗಂಗಾಧರಪ್ಪ ಕಟ್ಟಿದ ನೌಕೆಯ ಓಣಿ

ಶಿಕಾರಿಪುರದ ಸೀನರಿ ಗಂಗಾಧರಪ್ಪನ ಸಿಟ್ಟಿನ ಮುಂದೆ ಅಂಜನಾಪುರದ ಜಲಾಶಯ ಏನೇನೂ ಅಲ್ಲ. ಜಲಾಶಯ ಬೇಸಿಗೆಯಲ್ಲಾದರೂ ಒಂದಿಷ್ಟು ಇಳಿಯುತ್ತದೆ. ಇವನ ಸಿಟ್ಟು ಹತ್ತೊಂಬತ್ತು ವರ್ಷದಲ್ಲಿ ಒಂದು ಬೆರಳಿನಷ್ಟೂ ಇಳಿದಿರಲಿಲ್ಲ. ಕೋಡಿ ಬೀಳುವುದೊಂದು ಬಾಕಿ ಇತ್ತು.

ನಾಟಕದವರಿಗೆ ಪರದೆ, ಸೆಟ್ಟು ಬಾಡಿಗೆಗೆ ಕೊಡುವುದು ಅವನ ಕಸುಬು. ಹರೆಯದಲ್ಲಿ ಟ್ರ್ಯಾಕ್ಟರ್ ಟ್ರೈಲರಿನ ಹಿಂಬದಿಗೆ ಹುಲಿ, ನವಿಲು ಬರೆಯುತ್ತಿದ್ದ. ಅವನು ಬರೆದ ಹುಲಿಯನ್ನು ನೋಡಿ ಎತ್ತುಗಳು ಗಾಡಿ ಸಮೇತ ಗದ್ದೆಗೆ ಹಾರುತ್ತಿದ್ದವು ಎಂದು ಹೇಳುವವರಿದ್ದಾರೆ. ಅಷ್ಟೆಲ್ಲ ಉತ್ಪ್ರೇಕ್ಷೆ ಬೇಡ, ನಾನು ನೋಡಿದ್ದು ಒಂದೇ ಸಲ. ಮುಂದೆ ಮುಚ್ಚಿಹೋದ ಒಂದು ನಾಟಕ ಕಂಪನಿಯಿಂದ ದರ್ಬಾರು, ಕಾಡು, ಜೈಲು, ರಸ್ತೆ ಎಂಬ ನಾಲ್ಕು ಪರದೆ ಕೊಂಡುಕೊಂಡ. ಬಸ್ ನಿಲ್ದಾಣದ ಹಿಂದಿನ ಶೆಡ್ಡಿನಲ್ಲಿ ಅವನ್ನು ಸುತ್ತಿಟ್ಟುಕೊಂಡು, ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ರಾಜರಿಗೂ ಕಳ್ಳರಿಗೂ ಪ್ರೇಮಿಗಳಿಗೂ ನಿಲ್ಲಲು ಜಾಗ ಕೊಟ್ಟವನು ಅವನೇ. ಅವನ ಜೈಲಿನ ಪರದೆಯ ಮುಂದೆ ನಿಂತು ಅಳದ ಗಂಡಸು ಈ ಎರಡು ತಾಲ್ಲೂಕಿನಲ್ಲಿ ಸಿಗುವುದಿಲ್ಲ.

ನಾಲ್ಕರಲ್ಲಿ ಅವನಿಗೆ ಹೆಚ್ಚು ಪ್ರೀತಿಯದು ರಸ್ತೆ ಪರದೆ. ಹಿಂದೆ ದರ್ಬಾರು ಜೋಡಿಸುವಷ್ಟು ಹೊತ್ತು ಮುಂದೆ ಇಳಿಬಿಡುವ ಪರದೆ ಅದು. ಅದರ ಮುಂದೆ ಇಬ್ಬರು ಎದುರಾಗುತ್ತಾರೆ, ಗುಟ್ಟು ಹೇಳುತ್ತಾರೆ, ಒಬ್ಬ ಹೋಗುತ್ತಾನೆ, ಇನ್ನೊಬ್ಬ ಅವನ ಬೆನ್ನು ನೋಡುತ್ತಾ ಹಲ್ಲು ಕಡಿಯುತ್ತಾನೆ. ರಾಜ ದರ್ಬಾರಿನಲ್ಲಿ ಕೂತು ಹೇಳುವುದು ಬರೀ ಪಾಠ, ನಾಟಕ ನಡೆಯುವುದು ರಸ್ತೆಯಲ್ಲಿ ಎಂಬುದು ಗಂಗಾಧರಪ್ಪನ ಸಿದ್ಧಾಂತ.

ಇನ್ನು ಸಿಟ್ಟಿನ ಮೂಲ. ಸೊರಬದಲ್ಲಿ ಗೌರೀಶಂಕರ ಅಂತ ವಕೀಲರು. ತೋಟವೂ ಉಂಟು, ಕರಿ ಕೋಟೂ ಉಂಟು, ಇವೆರಡರಿಂದ ಆಸೆ ತೀರದೆ ಒಂದು ಹವ್ಯಾಸಿ ನಾಟಕ ತಂಡವೂ ಉಂಟು. ನಾಟಕ ಬರೆಯುವವರು ಅವರೇ, ಆಡಿಸುವವರು ಅವರೇ, ನಾಯಕನೂ ಅವರೇ. ಸಾಧ್ಯವಿದ್ದರೆ ಎದುರಿನ ಕುರ್ಚಿಗಳಲ್ಲಿ ಅವರೇ ಕೂತು ಚಪ್ಪಾಳೆಯನ್ನೂ ತಟ್ಟಿಕೊಳ್ಳುತ್ತಿದ್ದರು. ಹತ್ತೊಂಬತ್ತು ವರ್ಷದ ಹಿಂದೆ ಸೊರಬದಲ್ಲಿ ನಡೆದ ಅವರ ನಾಟಕಕ್ಕೆ ಗಂಗಾಧರಪ್ಪನ ಪರದೆ. ವಕೀಲರು ಮಾತು ಮರೆತು ಎರಡು ಪುಟ ಹಾರಿದರು. ಹಾರಿ ಹೋಗಿ ಬಿದ್ದದ್ದು ಮದುವೆಯ ದೃಶ್ಯದಲ್ಲಿ. ಬೆನ್ನ ಹಿಂದೆ ಜೈಲಿನ ಪರದೆ ಹಾಗೇ ಇತ್ತು. ಜನ ನಕ್ಕರು. ವಕೀಲರು ಮಾತು ನಿಲ್ಲಿಸಿ, ಪಕ್ಕದ ವಿಂಗಿನ ಮರೆಯಲ್ಲಿ ಪರದೆಯ ಹಗ್ಗ ಹಿಡಿದು ನಿಂತಿದ್ದ ಇವನ ಕಡೆ ತಿರುಗಿ, ಇಡೀ ಸೊರಬಕ್ಕೆ ಕೇಳುವ ಹಾಗೆ ಹೇಳಿದರು:

"ಹಗ್ಗ ಎಳೆಯೋನಿಗೆ ನಾಟಕ ಏನು ತಿಳೀತದೆ ಮಾರಾಯ್ರೆ!"

ಅವರ ಮೇಲಿದ್ದ ನಗು ಅಷ್ಟೂ ಇವನ ಮೇಲೆ ಬಂದು ಬಿತ್ತು. ಅಂದಿನಿಂದ ಸೊರಬದಲ್ಲಿ ಇವನು ಹಗ್ಗದ ಗಂಗಾಧರಪ್ಪ. ಅಂಗಡಿಯಲ್ಲಿ ಹಗ್ಗ, ಹೋಟೆಲಿನಲ್ಲಿ ಹಗ್ಗ, ಬಸ್ಸಿನ ಕಂಡಕ್ಟರ್ ಕೂಡ "ಹಗ್ಗ, ಎಲ್ಲಿಗೆ?" ಎಂದು ಟಿಕೆಟ್ ಹರಿಯುತ್ತಿದ್ದ. ಅದೇ ಸೊರಬದ ಜನರ ಕಣ್ಣೆದುರು ಆ ಮನುಷ್ಯನನ್ನು ಒಂದು ದಿನ ಗಿಡ್ಡ ಮಾಡಬೇಕು ಎಂದು ಗಂಗಾಧರಪ್ಪ ಅವತ್ತೇ ಮನಸ್ಸಿನಲ್ಲಿ ಬರೆದುಕೊಂಡ. ದೇವರಿಗೆ ಹರಕೆ ಹೊತ್ತವರು ಮರೆಯುತ್ತಾರೆ, ಇವನು ಮರೆಯಲಿಲ್ಲ.

ಕಳೆದ ವರ್ಷ ವಕೀಲರೇ ಕಾರಿನಲ್ಲಿ ಶೆಡ್ಡಿನ ಬಾಗಿಲಿಗೆ ಬಂದು ಇಳಿದರು. ಹೊಸ ನಾಟಕ ಬರೆದಿದ್ದರು. ಕತೆ ನಡೆಯುವುದು ನಕ್ಷತ್ರಗಳ ನಡುವೆ ಹೋಗುವ ನೌಕೆಯಲ್ಲಿ. ನೌಕೆಗೆ ಒಬ್ಬ ಕ್ಯಾಪ್ಟನ್. ಕ್ಯಾಪ್ಟನ್ ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಉಳಿದ ಸೆಟ್ಟಿನವರು ಫ್ಲೆಕ್ಸ್ ಹೊಡೆಸಿ ತೂಗುಹಾಕುತ್ತೇವೆ ಅಂದಿದ್ದರಂತೆ. ವಕೀಲರಿಗೆ ಬೇಕಾದದ್ದು ನೌಕೆಯೊಳಗಿನ ಉದ್ದನೆಯ ಓಣಿ, ಅದರ ಕೊನೆಯಿಂದ ತಾವು ನಡೆದು ಬರುವಂಥದ್ದು. ಎಲ್ಲ ಹೇಳಿ ಮುಗಿಸಿ, ಹೊರಡುವಾಗ ಇವನ ಮುಖ ನೋಡಿ, ನಿಮ್ಮನ್ನು ಎಲ್ಲೋ ಕಂಡ ಹಾಗಿದೆ ಅಂದರು. ಹತ್ತೊಂಬತ್ತು ವರ್ಷ ಇವನು ನಿದ್ದೆಗೆಟ್ಟು ಸಾಕಿದ ಅವಮಾನ ಅವರಿಗೆ ನೆನಪೇ ಇರಲಿಲ್ಲ. ಜಲಾಶಯ ಕೋಡಿ ಬಿತ್ತು. ಗಂಗಾಧರಪ್ಪ ಕೈ ಮುಗಿದು, ಮಾಡೋಣ್ರಿ ಸಾರ್ ಅಂದ.

ಅವನು ನೌಕೆ ಕಂಡವನಲ್ಲ, ವಿಮಾನ ಹತ್ತಿದವನೂ ಅಲ್ಲ. ಹಾಗಾಗಿ ಹನ್ನೊಂದು ದಿನ ಮೊಬೈಲು ಹಿಡಿದು ಕೂತು, ಪರದೇಶದ ಆಕಾಶನೌಕೆಯ ಸಿನಿಮಾಗಳನ್ನೆಲ್ಲ ಧ್ವನಿ ತೆಗೆದು ನೋಡಿದ. ಹೆಂಡತಿ ಸರ್ವಮಂಗಳ, ಮಾತೇ ಇಲ್ಲದ ಸಿನಿಮಾ ಏನು ನೋಡ್ತೀರಿ ಅಂದರೆ, "ಮಾತು ಯಾರಿಗೆ ಬೇಕು, ನಾ ಗೋಡೆ ನೋಡಾಕತ್ತೀನಿ" ಅಂದ.

ಗೋಡೆ ನೋಡಿ ನೋಡಿ ಅವನಿಗೆ ಜ್ಞಾನೋದಯವೇ ಆಯಿತು. ಆ ನೌಕೆಗಳಲ್ಲೂ ದೊಡ್ಡ ಕೋಣೆಯಲ್ಲಿ ಕೂತವರು ಬರೀ ಗುಂಡಿ ಒತ್ತುತ್ತಾರೆ. ಓಡುವುದು, ಅಡಗುವುದು, ಸಾಯುವುದು, ಮೋಸ ಮಾಡುವುದು ಎಲ್ಲ ಓಣಿಯಲ್ಲಿ. ಓಣಿ ಅಗಲವಾಗಿ, ಬೆಳ್ಳಗೆ, ಗುಡಿಸಿ ಒರೆಸಿದ ಹಾಗಿದ್ದರೆ ಆ ನೌಕೆಯವರಿಗೆ ತಮ್ಮ ದೊರೆಯ ಮೇಲೆ ನಂಬಿಕೆ ಇದೆ ಎಂದರ್ಥ. ತಲೆ ಮೇಲೆ ಪೈಪು ಹಾದು, ನೀರು ತೊಟ್ಟಿಕ್ಕುತ್ತಿದ್ದರೆ ಅದು ದುಡಿಯುವವರ ನೌಕೆ, ಇನ್ನರ್ಧ ಗಂಟೆಯಲ್ಲಿ ಜಗಳ ಗ್ಯಾರಂಟಿ. ಬಾಗಿಲು ತಾನಾಗಿ ತೆರೆದರೆ ಎಲ್ಲ ಸುಸೂತ್ರ, ತೆರೆಯದೆ ನಿಂತರೆ ಕತೆ ಶುರು. ಎಲ್ಲಕ್ಕಿಂತ ಮುಖ್ಯ, ಅಲ್ಲಿ ಕಿಟಕಿ ಇಲ್ಲ, ಪಕ್ಕದ ಸಂದಿಯಿಲ್ಲ. ನಮ್ಮ ರಸ್ತೆ ಪರದೆಯ ಮುಂದೆ ಜಗಳವಾದರೆ ಸೋತವನು ವಿಂಗಿನೊಳಗೆ ನುಸುಳಿ ಬೀಡಿ ಹಚ್ಚಬಹುದು. ನೌಕೆಯ ಓಣಿಯಲ್ಲಿ ಸೋತವನಿಗೆ ಹೊರಗೆ ಅನ್ನುವ ಜಾಗವೇ ಇಲ್ಲ. ಬರುವವನು ಬರಲೇಬೇಕು, ನೋಡುವವರು ನೋಡಲೇಬೇಕು.

ಈ ಕೊನೆಯ ಮಾತು ಹೊಳೆದಾಗ ಅವನು ಮೊಬೈಲು ಕೆಳಗಿಟ್ಟು ಪೆನ್ಸಿಲ್ ಹುಡುಕಿದ.

ಓಣಿಯ ಆಳ ಹದಿನಾರು ಅಡಿ. ಒಂದರ ಹಿಂದೆ ಒಂದು ಏಳು ಚೌಕಟ್ಟು. ಜನರ ಕಡೆಯ ಮೊದಲ ಚೌಕಟ್ಟು ಹನ್ನೊಂದು ಅಡಿ ಎತ್ತರ, ಆಮೇಲಿನವು ಹಂತ ಹಂತವಾಗಿ ಇಳಿದು, ಕೊನೆಯದು ಐದು ಅಡಿ ಒಂಬತ್ತು ಇಂಚು. ದೂರದ ಕರೆಂಟು ಕಂಬ ಕಣ್ಣಿಗೆ ಸಣ್ಣದಾಗಿ ಕಾಣುತ್ತದಲ್ಲ, ಇವನು ಹಿಂದಿನ ಚೌಕಟ್ಟನ್ನು ನಿಜವಾಗಿಯೇ ಸಣ್ಣದು ಮಾಡಿದ. ಎದುರು ಕೂತವರಿಗೆ ಹದಿನಾರು ಅಡಿ ಓಣಿ ಇನ್ನೂರು ಅಡಿ ಕಾಣುತ್ತದೆ. ಗೋಡೆಗೆ ಅಡಿಕೆ ಹಾಳೆಯ ತಟ್ಟೆಗಳನ್ನು ಹೊಡೆದು ಬೆಳ್ಳಿ ಬಣ್ಣ ಬಳಿದ. ದೂರ ಹೋದ ಹಾಗೆ ಊಟದ ತಟ್ಟೆ ಹೋಗಿ ತಿಂಡಿಯ ತಟ್ಟೆ, ಕೊನೆಗೆ ಚಟ್ನಿಯ ಬಟ್ಟಲು. ಸೂರಿನಲ್ಲಿ ಡ್ರಿಪ್ ಪೈಪು. ಕೊನೆಯಲ್ಲಿ ಎರಡು ಕಡೆಗೆ ಸರಿಯುವ ಬಾಗಿಲು. ತಾನಾಗಿ ತೆರೆಯುವ ಆ ಬಾಗಿಲು ತೆರೆಯುತ್ತಿದ್ದದ್ದು ಹಿಂದೆ ಕೂತ ಗಂಗಾಧರಪ್ಪ ಹಗ್ಗ ಎಳೆದಾಗ.

ಇಂಥ ಓಣಿಗೆ ಒಂದು ನಿಯಮವಿದೆ, ಸೀನರಿಯವರೆಲ್ಲ ಬಲ್ಲರು: ಅದರ ಆಳಕ್ಕೆ ನಟರನ್ನು ಬಿಡಬಾರದು. ಓಣಿ ಸಣ್ಣದಾಗುತ್ತದೆ, ಮನುಷ್ಯ ಆಗುವುದಿಲ್ಲ. ಹಿಂದೆ ನಿಂತವನು ಸೂರಿಗೆ ತಲೆ ತಾಗಿಸಿದ ರಾಕ್ಷಸನಂತೆ ಕಾಣುತ್ತಾನೆ. ಅಲ್ಲಿಂದ ಮುಂದೆ ಬಂದರೆ ಒಂದೊಂದು ಹೆಜ್ಜೆಗೂ ಸೂರು ಮೇಲೇರುತ್ತದೆ, ಗೋಡೆ ಅಗಲವಾಗುತ್ತದೆ, ಅವನು ಕುಗ್ಗುತ್ತಾ ಬರುತ್ತಾನೆ. ಗಂಗಾಧರಪ್ಪ ಎರಡನೇ ಚೌಕಟ್ಟಿನ ಹತ್ತಿರ ಸೀಮೆಸುಣ್ಣದ ಗೆರೆ ಎಳೆದು, ಆಚೆ ವೈರು ಇದಾವೆ, ದಾಟಬ್ಯಾಡ್ರಿ ಎಂದು ಎಲ್ಲ ನಟರಿಗೂ ಎಚ್ಚರಿಸಿದ. ವಕೀಲರಿಗೆ ಮಾತ್ರ ಹೇಳಲಿಲ್ಲ. ಅವರ ಎತ್ತರ ಹೆಲ್ಮೆಟ್ ಸೇರಿ ಐದು ಅಡಿ ಎಂಟು ಇಂಚು ಎಂದು ಮೊದಲೇ ತಿಳಿದುಕೊಂಡಿದ್ದ.

ಸೊರಬದ ನಾಟಕ ಸ್ಪರ್ಧೆ, ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ. ಸಭಾಂಗಣದಲ್ಲಿ ಸೂಜಿ ಬಿದ್ದರೂ ನೆಲ ಮುಟ್ಟದಷ್ಟು ಜನ. ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ಓಣಿ ಅಲ್ಲಿಂದ ಆನವಟ್ಟಿಯವರೆಗೂ ಹೋದ ಹಾಗೆ ಕಂಡಿತು. ಕೊನೆಯಲ್ಲಿ ಬಾಗಿಲು ಸರಿಯಿತು. ನೌಕೆಯನ್ನೇ ತುಂಬಿಕೊಂಡು ಒಬ್ಬ ದೈತ್ಯ ನಿಂತಿದ್ದ. ಮುಂದಿನ ಸಾಲಿನ ಹುಲಿಯಮ್ಮಜ್ಜಿ ಎದೆ ಮುಟ್ಟಿಕೊಂಡಿತು. ದೈತ್ಯ ಕೈ ಎತ್ತಿ ನಡೆಯುತ್ತಾ ತನ್ನ ಮೊದಲ ಮಾತು ಶುರು ಮಾಡಿದ:

"ಈ ನೌಕೆಯಲ್ಲಿ ನನಗಿಂತ ದೊಡ್ಡವರು ಯಾರೂ ಇಲ್ಲ."

ಹೆಜ್ಜೆ ಇಟ್ಟ, ಕುಗ್ಗಿದ. ಇನ್ನೊಂದು ಇಟ್ಟ, ಇನ್ನಷ್ಟು ಕುಗ್ಗಿದ. ಮಾತು ಬೆಳೆಯುತ್ತಾ ಬಂತು, ಮನುಷ್ಯ ಇಳಿಯುತ್ತಾ ಬಂದ. ಮೊದಲು ನಕ್ಕವರು ಮೂರನೇ ಸಾಲಿನಲ್ಲಿದ್ದ ವಿನೋದಾ, ವಕೀಲರ ಹೆಂಡತಿ. ಮೂವತ್ತು ವರ್ಷದ ದಾಂಪತ್ಯದ ನಗು ಅದು, ತಡೆಯಲಿಕ್ಕಾಗುವುದಿಲ್ಲ. ಅವರ ಹಿಂದೆ ಸಭಾಂಗಣವೇ ನಕ್ಕಿತು. ಅವತ್ತಿನ ನಗುವಿಗೆ ಗುಡವಿಯ ಹಕ್ಕಿಗಳು ಕೆರೆ ಬಿಟ್ಟೆದ್ದು ಎರಡು ದಿನ ಇಳಿಯಲಿಲ್ಲವಂತೆ. ಮುಂದಿನ ಚೌಕಟ್ಟಿಗೆ ಬಂದು ನಿಂತಾಗ ಕ್ಯಾಪ್ಟನ್, ಹನ್ನೊಂದು ಅಡಿ ಸೂರಿನ ಕೆಳಗೆ, ಯಾರೋ ಬಿಟ್ಟುಹೋದ ಚೊಂಬಿನ ಹಾಗಿದ್ದರು. ಇಷ್ಟೆಲ್ಲ ಆದದ್ದು ಇಡೀ ಸಭಾಂಗಣದಲ್ಲಿ ಒಬ್ಬರಿಗೇ ಕಾಣಲಿಲ್ಲ. ಓಣಿಯೊಳಗೆ ನಡೆಯುವವನಿಗೆ ಓಣಿ ಕಾಣುವುದಿಲ್ಲವಲ್ಲ.

ಬಾಗಿಲ ಹಿಂದೆ ಗಂಗಾಧರಪ್ಪ ಆ ನಗುವನ್ನು ಒಂದು ಹನಿ ಚೆಲ್ಲದೆ ಕುಡಿದ. ಆದರೆ ಕೊನೆಯ ದೃಶ್ಯದಲ್ಲಿ ಎಡವಟ್ಟಾಯಿತು. ನೌಕೆ ದಾರಿ ತಪ್ಪಿದೆ, ಅದನ್ನು ಮುಚ್ಚಿಟ್ಟವನು ನಾನೇ ಎಂದು ಕ್ಯಾಪ್ಟನ್ ಒಪ್ಪಿಕೊಳ್ಳುವ ಮಾತು ಬಂದಾಗ ನಗು ನಿಂತುಹೋಯಿತು. ಅಷ್ಟು ದೊಡ್ಡವನಾಗಿ ಬಂದು ಇಷ್ಟು ಚಿಕ್ಕವನಾಗಿ ನಿಂತವನನ್ನು ನೋಡಿ ಜನ ಮೂಗು ಒರೆಸಿಕೊಂಡರು. ತೀರ್ಪುಗಾರರು ಎದ್ದು ನಿಂತು, ಅಧಿಕಾರ ಹತ್ತಿರ ಬಂದಂತೆಲ್ಲ ಅದರ ನಿಜವಾದ ಅಳತೆ ಕಾಣುತ್ತದೆ ಎಂಬ ಸಂಕೇತವನ್ನು ಇಷ್ಟು ಚೆನ್ನಾಗಿ ಯಾರೂ ತೋರಿಸಿಲ್ಲ ಎಂದು ಹೊಗಳಿ, ಉತ್ತಮ ನಟ ಪ್ರಶಸ್ತಿಯನ್ನು ವಕೀಲರ ಕೈಗಿಟ್ಟರು. ಸೀನರಿಗೆ ಆ ಸ್ಪರ್ಧೆಯಲ್ಲಿ ಪ್ರಶಸ್ತಿಯೇ ಇರಲಿಲ್ಲ. ಗಿಡ್ಡ ಮಾಡಲು ಹೋಗಿ ದೊಡ್ಡ ಮಾಡಿದೆನಲ್ಲ ಎಂದು ಗಂಗಾಧರಪ್ಪ ಹಗ್ಗ ಬಿಸಾಕಿ ಬಣ್ಣದ ಕೋಣೆಯ ಕಡೆ ನಡೆದ.

ಬಣ್ಣದ ಕೋಣೆಯಲ್ಲಿ ವಕೀಲರು ಸಂಕೇತ, ಸಂಕೇತ ಎಂದು ಗುನುಗುತ್ತಾ ಯಾವ ಸಂಕೇತವೆಂದು ತಿಳಿಯದೆ ಕೂತಿದ್ದರು. ವಿನೋದಾ ಬಂದು ಮೊಬೈಲಿನಲ್ಲಿ ತೆಗೆದದ್ದನ್ನು ಎದುರಿಗೆ ಹಿಡಿದರು.

"ನೋಡಿ, ಬರ್ತಾ ಬರ್ತಾ ಎಷ್ಟು ಗಿಡ್ಡ ಆದ್ರಿ ನೀವು."

ವಕೀಲರು ನೋಡಿದರು. ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ನೋಡಿದರು. ಮುಖದ ಬೆಳ್ಳಿ ಬಣ್ಣದ ಕೆಳಗೆ ಬೇರೆ ಬಣ್ಣ ಏರಿತು. ಬಾಗಿಲಲ್ಲಿ ನಿಂತಿದ್ದ ಗಂಗಾಧರಪ್ಪನ ಕಡೆ ತಿರುಗಿ, ಇದು ತಾನಾಗಿ ಆದದ್ದೋ, ಬೇಕಂತ ಮಾಡಿದ್ದೋ ಎಂದು ಕೇಳಿದರು. ತಾನಾಗಿ ಆಯ್ತು ಸಾರ್ ಅಂದಿದ್ದರೆ ಸೊರಬ ತಾಲ್ಲೂಕಿನ ಕೆಲಸವೆಲ್ಲ ಇವನ ಕೈಯಲ್ಲೇ ಉಳಿಯುತ್ತಿತ್ತು. ಆದರೆ ತಾನಾಗಿ ಆದದ್ದು ಸೇಡು ಹೇಗಾದೀತು?

"ಬೇಕಂತನ ಮಾಡೀನಿ ಸಾರ್. ಹತ್ತೊಂಬತ್ತು ವರ್ಷದ ಹಿಂದೆ ಇದೇ ಊರಾಗ ನೀವು ಎರಡು ಪುಟ ಹಾರಿದ್ರಿ, ತಪ್ಪು ನನ್ನ ತಲಿಗೆ ಕಟ್ಟಿದ್ರಿ. ಅವತ್ತು ನಕ್ಕವರಿಗೆ ಇವತ್ತು ನಿಮ್ಮ ಅಳತಿ ತೋರ್ಸೀನಿ."

ವಕೀಲರು ಮೊಬೈಲನ್ನು ಪಕ್ಕಕ್ಕೆ ಸರಿಸಿದರು. ನನಗೆ ನೆನಪೇ ಇಲ್ಲ ಮಾರಾಯ ಅಂದರು. ಗಂಗಾಧರಪ್ಪ, ಅದಕ್ಕೇ ಸಾರ್, ಅಂದು ಚೌಕಟ್ಟು ಬಿಚ್ಚಲು ಹೋದ.

ಮುಂದಿನ ಪ್ರದರ್ಶನ ಶಿಕಾರಿಪುರದಲ್ಲಿ. ಒಪ್ಪಿಕೊಂಡ ಕೆಲಸ, ಓಣಿ ಅದೇ. ವಕೀಲರು ಮಾತ್ರ ಉಪಾಯ ಮಾಡಿ, ಕೊನೆಯ ಬಾಗಿಲನ್ನು ಮುಟ್ಟದೆ ಪಕ್ಕದ ವಿಂಗಿನಿಂದ ಮುಂದಕ್ಕೇ ಬಂದು ನಿಂತರು. ದೈತ್ಯನೂ ಇಲ್ಲ, ಕುಗ್ಗುವವನೂ ಇಲ್ಲ. ಹೆಲ್ಮೆಟ್ ಹಾಕಿದ ಒಬ್ಬ ವಕೀಲ ನಲವತ್ತು ನಿಮಿಷ ಭಾಷಣ ಮಾಡಿದ ಹಾಗಾಯಿತು. ಜನ ಆಕಳಿಸಿದ ರಭಸಕ್ಕೆ ಫ್ಯಾನು ತಿರುಗಿದವು. ಅರ್ಧಕ್ಕೇ ಎದ್ದು ಹೋದವರ ಬೆನ್ನುಗಳನ್ನು ಕ್ಯಾಪ್ಟನ್ ಓಣಿಯ ಬಾಯಲ್ಲಿ ನಿಂತು ಎಣಿಸಿದರು.

ಮೂರು ದಿನ ಬಿಟ್ಟು ಫೋನು ಬಂತು. ಉಳವಿಯಲ್ಲಿ ಕೇಳಿದ್ದಾರೆ, ಶಿರಾಳಕೊಪ್ಪದಲ್ಲೂ ಕೇಳಿದ್ದಾರೆ, ಎಲ್ಲರೂ ಕುಗ್ಗುವ ಕ್ಯಾಪ್ಟನ್ನೇ ಬೇಕು ಅನ್ನುತ್ತಾರೆ ಅಂದರು ವಕೀಲರು. ಆಮೇಲೆ:

"ನಾನು ಹಿಂದಿನಿಂದಲೇ ಬರ್ತೇನೆ ಗಂಗಾಧರಪ್ಪನವರೇ. ಬಾಗಿಲು ತೆಗೀರಿ."

ಫೋನು ಇಟ್ಟ ಗಂಗಾಧರಪ್ಪ ಗರಗಸ ತೆಗೆದುಕೊಂಡು ಕೊನೆಯ ಚೌಕಟ್ಟಿನ ಕಾಲನ್ನು ಒಂದು ಇಂಚು ಕೊಯ್ದ. ಉಳವಿಯಲ್ಲಿ ಹೆಲ್ಮೆಟ್ ಸೂರನ್ನು ಸವರಿತು. ಶಿರಾಳಕೊಪ್ಪಕ್ಕೆ ಇನ್ನೊಂದು ಇಂಚು. ಅಲ್ಲಿ ಹೆಲ್ಮೆಟ್ ಠಣ್ ಎಂದು ಬಡಿಯಿತು. ವಕೀಲರು ಒಂದು ಕ್ಷಣ ನಿಂತು ಪಕ್ಕಕ್ಕೆ ನೋಡಿದರು. ಹಗ್ಗ ಹಿಡಿದ ಗಂಗಾಧರಪ್ಪನೂ ಕಣ್ಣು ಕೀಳದೆ ನೋಡಿದ. ಎದುರಿಗೆ ಐನೂರು ಜನ. ಹಿಂದೆ ಹೋಗಲು ದಾರಿಯಿಲ್ಲ, ಪಕ್ಕಕ್ಕೆ ಸಂದಿಯಿಲ್ಲ. ವಕೀಲರು ತಲೆ ತಗ್ಗಿಸಿ ಒಳಗೆ ಬಂದರು. ಚಪ್ಪಾಳೆ ಬಿತ್ತು. ದೊಡ್ಡವನು ತಲೆ ತಗ್ಗಿಸುವುದನ್ನು ನೋಡಲು ಜನ ಎಷ್ಟು ಕಾದಿರುತ್ತಾರೆ ಎಂದು ಆ ಚಪ್ಪಾಳೆ ಕೇಳಿದವರಿಗೇ ಗೊತ್ತು.

ಆಮೇಲೆ ಇಬ್ಬರ ನಡುವೆ ಮಾತಿಲ್ಲ. ಊರಿಂದ ಊರಿಗೆ ಇವನು ಒಂದು ಇಂಚು ಕೊಯ್ಯುತ್ತಾನೆ, ಅವರು ಒಂದು ಇಂಚು ಬಾಗುತ್ತಾರೆ. ಚಪ್ಪಾಳೆ ಒಂದು ಇಂಚು ಬೆಳೆಯುತ್ತದೆ. ವಕೀಲರು ಈಗ ಮನೆಯ ಬಾಗಿಲಲ್ಲೂ ಬಾಗಿಯೇ ಒಳಗೆ ಹೋಗುತ್ತಾರೆ ಎಂದು ವಿನೋದಾ ಸಿಕ್ಕವರಿಗೆಲ್ಲ ಹೇಳುತ್ತಾರೆ. ಹನ್ನೊಂದು ಸಲ ಕೊಯ್ದಾಯಿತು. ಮೊನ್ನೆ ಚಂದ್ರಗುತ್ತಿಯ ಪ್ರದರ್ಶನಕ್ಕೆ ಹೊರಡುವ ಮುಂಚೆ ಶೆಡ್ಡಿನಲ್ಲಿ ಗರಗಸದ ಪುಡಿ ಗುಡಿಸುತ್ತಿದ್ದ ಸರ್ವಮಂಗಳ ಪೊರಕೆ ನಿಲ್ಲಿಸಿ, ಸಾಕಲ್ಲ, ಇನ್ನೆಷ್ಟು ಕೊಯ್ತೀರಿ ಎಂದು ಕೇಳಿದಳು.

ಗಂಗಾಧರಪ್ಪ ಟೇಪು ಹಿಡಿದು ಬಾಗಿಲು ಅಳೆದ.

"ಇನ್ನೂ ನಾಲ್ಕಡಿ ಹತ್ತಿಂಚು ಐತಲ್ಲೇ" ಅಂದ.