ಹುಸೇನಬಿಯ ಬಾಗಿಲಲ್ಲಿ ನಿಂತವನು

ಹೋದ ತಿಂಗಳು ನಾನು ಒಬ್ಬ ಕಳ್ಳನನ್ನು ಹಿಡಿಸಿಕೊಟ್ಟೆ.

ಎದುರು ಮನೆಯ ಮುಂದೆ ನಿಂತಿದ್ದ. ಸೀಟಿ ಊದಿದೆ. ಐದೇ ನಿಮಿಷದಲ್ಲಿ ಓಣಿಯ ಗಂಡಸರು ಬಂದು ಸುತ್ತುವರಿದರು. ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಹೆಸರಿನ ಕೆಳಗೆ ಹೆಬ್ಬೆರಳುಗಳ ಸಾಲು. 'ಶಭಾಷ್ ಅಮ್ಮಾರ' ಎಂದು ಯಾರೋ ಬರೆದಿದ್ದರು. ನನ್ನನ್ನು ಹೊಗಳಿದವರು ಈ ವಯಸ್ಸಿನವರೆಗೆ ಹೆಚ್ಚಿಗೆ ಇಲ್ಲ. (ನಮ್ಮ ಮನೆಯವರು ಬದುಕಿದ್ದಾಗ ಒಮ್ಮೆ ಶೇಂಗಾ ಹೋಳಿಗೆ ಚಲೋ ಆಗಿದೆ ಅಂದಿದ್ದರು.)

ಅವನು ಕಳ್ಳನಾಗಿರಲಿಲ್ಲ.

ಈ ಅಂಕಣವನ್ನು ನಾನು ಮೊಮ್ಮಕ್ಕಳಿಗೆಂದು ಬರೆಯುತ್ತೇನೆ, ನೀವೂ ಓದುತ್ತೀರಿ. ಈ ಸಂಗತಿ ಮಾತ್ರ ಅವರಿಗೆ ತಿಳಿಯದಿದ್ದರೆ ಒಳ್ಳೆಯದು ಎಂದು ಮೂರು ವಾರ ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಬಹಳ ಚೆನ್ನಾಗಿ ಬರುತ್ತದೆ. ತೊಂದರೆಯೇ ಅದು.

ಇಂಡಿಯಲ್ಲಿ ನಮ್ಮದು ಹೊಸ ಬಡಾವಣೆ. ಮನೆಗಳ ನಡುವೆ ಇನ್ನೂ ಖಾಲಿ ಸೈಟುಗಳಿವೆ, ಜಾಲಿ ಬೆಳೆದಿದೆ. ದೀಪಾವಳಿಯ ನಂತರ ಎರಡು ಕಳ್ಳತನಗಳಾದವು. ಹಾಲು ತರಲು ಹೋದ ಟೀಚರ್ ಒಬ್ಬರ ಸರವನ್ನು ಬೈಕಿನವರು ಕಿತ್ತುಕೊಂಡು ಹೋದರು. ಅವರ ಕೊರಳ ಗಾಯವನ್ನು ನಾನೇ ನೋಡಿದ್ದೇನೆ. ಮದುವೆಗೆ ಹೋದವರೊಬ್ಬರ ಮನೆಯ ಕೀಲಿ ಮುರಿದಿತ್ತು. ಹೆದರಿಕೆ ಸುಳ್ಳಲ್ಲ.

ನಿವೃತ್ತ ಹೆಡ್ ಮಾಸ್ತರ್ ಪಾಟೀಲ ಸರ್ ಮೀಟಿಂಗ್ ಕರೆದರು. 'ಓಣಿ ಕಾವಲು' ಎಂದು ಗ್ರೂಪ್ ಆಯಿತು. ನಿಯಮಗಳಾದವು. ಹೊಸ ಮುಖ ಹತ್ತು ನಿಮಿಷಕ್ಕಿಂತ ಹೆಚ್ಚು ನಿಂತರೆ ಸೀಟಿ ಊದಬೇಕು. ಯಾವ ಮನೆಯವರು ಎಲ್ಲಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೆ ಎಂದು ಹೊರಗಿನವರಿಗೆ ಹೇಳಕೂಡದು. ಯಾರೂ ಕೈ ಎತ್ತಕೂಡದು.

"ಹಗಲಾಗ ಗಂಡಸರು ಕೆಲಸಕ್ಕ ಹೋಗಿರ್ತಾರ. ಹಗಲಿನ ಕಾವಲು ಹೆಣಮಕ್ಕಳದು" ಎಂದು ಸರ್ ನಮಗೆಲ್ಲ ಕೆಂಪು ಪ್ಲಾಸ್ಟಿಕ್ ಸೀಟಿ ಹಂಚಿದರು. ನಮ್ಮದು ಮೂಲೆಯ ಮನೆ. ನಾನು ಜೋಳ ಹಸನು ಮಾಡುತ್ತ ಕಟ್ಟೆಯ ಮೇಲೆ ಕೂತಿರುವವಳು. ನನಗೆ ಕೊಡುವಾಗ ಮೆಲ್ಲಗೆ ಅಂದರು, "ಅಮ್ಮಾರ, ನೀವು ಯಾರ ಜೋಡಿನೂ ಮಾತಾಡೂದು ಬ್ಯಾಡ. ಊದಿದ್ರ ಸಾಕು."

ಆ ಮಾತು ನನಗೆ ಬಹಳ ಹಿಡಿಸಿತು. ಮೊಮ್ಮಕ್ಕಳು, "ಆಯಿ ಪಿಟಿ ಮಾಸ್ತರ್ ಆದ್ಳು" ಎಂದು ನಕ್ಕರು. ಸೀಟಿಗೆ ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡೆ.

ಎದುರು ಮನೆಯ ಹುಸೇನಬಿ ನಿಂಬೆಹಣ್ಣಿನ ಅಡತಿ ಅಂಗಡಿಗೆ ಹಣ್ಣು ಆರಿಸುವ ಕೆಲಸಕ್ಕೆ ಹೋಗುತ್ತಾಳೆ. ಒಂಬತ್ತಕ್ಕೆ ಬುತ್ತಿ ಕಟ್ಟಿಕೊಂಡು ಹೋದರೆ ಬರುವುದು ಆರಕ್ಕೆ. ಹಣ್ಣಿನ ರಸ ತಾಗಿ ಒಮ್ಮೆ ಫೋನ್ ಕೆಟ್ಟಿದ್ದರಿಂದ ಅದನ್ನು ಮನೆಯಲ್ಲೇ ಇಟ್ಟು ಹೋಗುತ್ತಾಳೆ. ಗಂಡ ಲಾರಿ ಡ್ರೈವರ್, ವಾರಗಟ್ಟಲೆ ಊರಲ್ಲಿ ಇರುವುದಿಲ್ಲ.

ಅವತ್ತು ಮಂಗಳವಾರ, ಹನ್ನೊಂದು ಗಂಟೆಯ ಹೊತ್ತು. ಧೋತರ ಉಟ್ಟ, ಐವತ್ತರ ಆಸುಪಾಸಿನ ಮನುಷ್ಯ ಅವಳ ಬಾಗಿಲ ಕೀಲಿ ನೋಡಿ ನನ್ನ ಕಡೆ ಬಂದ.

"ಅವ್ವಾರ, ಹುಸೇನಬಿ ಅಕ್ಕ ಎಲ್ಲಿ ಹೋಗ್ಯಾಳ್ರಿ?"

ನಿಯಮ ನೆನಪಿತ್ತು. "ಗೊತ್ತಿಲ್ರಿ" ಅಂದೆ.

"ಯಾವಾಗ ಬರ್ತಾಳ್ರಿ?"

"ಗೊತ್ತಿಲ್ರಿ."

ಅವನು ಹೋಗಿ ಅವಳ ಬಾಗಿಲಲ್ಲೇ ನಿಂತ. ಕಟ್ಟೆ ಇದ್ದರೂ ಕೂಡಲಿಲ್ಲ. ಫೋನ್ ಮಾಡಿದ. ಕೀಲಿ ಹಾಕಿದ ಮನೆಯೊಳಗೆ ಫೋನ್ ರಿಂಗಾಯಿತು. ಮತ್ತೆ ಮಾಡಿದ, ಮತ್ತೆ ಒಳಗೇ ರಿಂಗಾಯಿತು. ಮನೆಯಲ್ಲಿ ಯಾರೂ ಇಲ್ಲವೆಂದು ಕಳ್ಳರು ಹೀಗೇ ಖಾತ್ರಿ ಮಾಡಿಕೊಳ್ಳುತ್ತಾರೆ ಎಂದು ಮೀಟಿಂಗಿನಲ್ಲಿ ಹೇಳಿದ್ದರಲ್ಲ? ಗಡಿಯಾರ ನೋಡಿದೆ. ಹತ್ತು ನಿಮಿಷ ಆಗಿತ್ತು. ಊದಿದೆ.

ಮನೆಯಲ್ಲಿದ್ದವರು, ಹತ್ತಿರದ ಅಂಗಡಿಗಳವರು ಸೇರಿ ಎಂಟು ಮಂದಿ ಬಂದರು. ಮೊದಲು ಫೋಟೋ ತೆಗೆದರು. ಆಮೇಲೆ ಪಾಟೀಲ ಸರ್ ಕೇಳಿದರು.

"ಹೆಸರೇನು?"

"ನಿಂಗಪ್ಪರಿ. ಮೋರಟಗಿಯಿಂದ ಬಂದೇನಿ."

"ಹುಸೇನಬಿ ನಿನಗ ಏನಾಗಬೇಕು?"

"ಅಕ್ಕ ಆಗಬೇಕ್ರಿ."

ಗುಂಪಿನಲ್ಲಿ ಒಬ್ಬ ಜೋರಾಗಿ ನಕ್ಕ. "ನಿಂಗಪ್ಪಗ ಹುಸೇನಬಿ ಅಕ್ಕಂತ. ಯಾವ ರೇಷನ್ ಕಾರ್ಡಿನಾಗ ಐತೋ ಇದು?"

"ಆಕಿ ತವರಿನ ಬಾಜೂ ಮನಿಯವ್ರಿ. ಸಣ್ಣಾವಿದ್ದಾಗಿಂದ ಅಕ್ಕ ಅಂತೇನಿ."

"ಯಾಕ ಬಂದಿ?"

"ಅದನ್ನ ಆಕಿಗೇ ಹೇಳ್ತೇನ್ರಿ."

"ನಮಗ ಹೇಳು."

"ಓಣ್ಯಾಗ ನಿಂತು ಹೇಳೂ ಮಾತಲ್ರಿ ಅದು. ಮೊದಲ ಆಕಿಗೇ ಹೇಳಬೇಕು."

ನಕ್ಕಿದ್ದವನೇ ಹೊಡೆದ. ಒಂದೇ ಏಟು, ಕೆನ್ನೆಗೆ. ಮೂರನೆಯ ನಿಯಮ ಅಲ್ಲಿಗೆ ಮುಗಿಯಿತು. ಫೋನ್ ಕಸಿದುಕೊಂಡು ಸ್ವಿಚ್ ಆಫ್ ಮಾಡಿದರು, ಜೊತೆಗಾರರನ್ನು ಕರೆದಾನು ಎಂದು.

ಏಟು ನೋಡಿ ನನಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಒಂದು ತಂಬಿಗೆ ನೀರು ತಂದೆ. ಅವನು ತೆಗೆದುಕೊಳ್ಳಲಿಲ್ಲ. ನನಗೊಬ್ಬಳಿಗೇ ಕೇಳುವಷ್ಟು ಸಣ್ಣಗೆ ಅಂದ, "ಬ್ಯಾಡ್ರಿ ಅವ್ವಾರ. ಸುದ್ದಿ ಮುಟ್ಟಸೂತನಕ ನೀರು ಕುಡಿಯಂಗಿಲ್ಲ."

ತಂಬಿಗೆ ಕೈಯಲ್ಲೇ ಉಳಿಯಿತು.

ನನ್ನ ತವರು ಯಂಕಂಚಿ. ನಮ್ಮ ಅಪ್ಪ ತೀರಿಕೊಂಡಾಗ ನನಗೆ ಹೇಳಲು ಅಲ್ಲಿಂದ ಬಂದವನೂ ಹೀಗೇ ಹೊರಗೆ ನಿಂತಿದ್ದ. ಕೂಡು ಅಂದರೆ ಕೂಡಲಿಲ್ಲ, ನೀರು ಕೊಟ್ಟರೆ ಮುಟ್ಟಲಿಲ್ಲ. ಸಾವಿನ ಸುದ್ದಿ ತಂದವನು ಅದನ್ನು ಹೇಳುವ ಮೊದಲು ಆ ಓಣಿಯ ನೀರು ಕುಡಿಯುವುದಿಲ್ಲ. ಹೆತ್ತ ಮಗಳಿಗಿಂತ ಮೊದಲು ಬೇರೆಯವರ ಕಿವಿಗೆ ಹಾಕುವುದೂ ಇಲ್ಲ. ಇದು ನನಗೆ ಗೊತ್ತು. ಅಲ್ಲಿ ನೆರೆದವರಲ್ಲಿ ನನಗಲ್ಲದೆ ಇನ್ನಾರಿಗೆ ಗೊತ್ತಿರಬೇಕಿತ್ತು?

ಹೇಳಬೇಕಾಗಿದ್ದು ಇಷ್ಟೇ: 'ಸರ್, ಬಿಡ್ರಿ ಅವನ್ನ, ಆಕಿ ನಿಂಬೆಹಣ್ಣಿನ ಅಡತಿಯಾಗ ಇದ್ದಾಳ.' ಎಂಟು ಜನ ಗಂಡಸರು ನಿಂತಿದ್ದರು. ನಾನು ಸೆರಗು ತಲೆಯ ಮೇಲೆ ಎಳೆದುಕೊಂಡೆ. ಅವರು ಅವನನ್ನು ನೀರಿನ ಟಾಕಿಯ ಕೆಳಗಿನ ಖೋಲಿಗೆ ಕರೆದುಕೊಂಡು ಹೋದರು. ನಾನು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದೆ.

ಪೊಲೀಸರು ಬಂದಾಗ ಮೂರು ದಾಟಿತ್ತು. ವಯಸ್ಸಾದ ಹವಾಲ್ದಾರರೊಬ್ಬರು ಅವನನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈಯಿಟ್ಟು ಕೇಳಿದರಂತೆ. ಆಗ ಹೇಳಿದ. ಹುಸೇನಬಿಯ ತಾಯಿ ಬೆಳಗಿನ ಜಾವ ತೀರಿಕೊಂಡಿದ್ದಳು. ಇಂಥ ಸುದ್ದಿ ಫೋನಿನಲ್ಲಿ ಹೇಳುವುದಲ್ಲ, ಸಂಜೆಯ ಅಸರ್ ನಮಾಜಿನ ತನಕ ಕಾಯುತ್ತೇವೆ, ಮಗಳನ್ನು ಕರೆತಾ ಎಂದು ಹಿರಿಯರು ಇವನನ್ನು ಕಳಿಸಿದ್ದರು.

ಪಾಟೀಲ ಸರ್ ತಮ್ಮ ಕಾರನ್ನೇ ತೆಗೆದರು. ಅಡತಿಯಿಂದ ಅವಳನ್ನು ಕರೆದುಕೊಂಡು, ಸಿಂದಗಿ ದಾಟಿ ಮೋರಟಗಿ ಮುಟ್ಟುವಷ್ಟರಲ್ಲಿ ಗಂಡಸರು ಮಣ್ಣು ಮಾಡಿ ಖಬರಸ್ತಾನದಿಂದ ತಿರುಗಿ ಬರುತ್ತಿದ್ದರು. ಹನ್ನೊಂದಕ್ಕೇ ಹೊರಟಿದ್ದರೆ ತಾಯಿಯ ತಲೆಯ ಹತ್ತಿರ ಎರಡು ತಾಸು ಕೂಡಬಹುದಾಗಿತ್ತು.

ಸರ್ ನಿಂಗಪ್ಪನ ಕೈ ಹಿಡಿದು ತಪ್ಪಾಯಿತು ಅಂದರು. ಹೊಡೆದವನು ಮಾತ್ರ, "ನಾವು ನಮ್ಮ ಡ್ಯೂಟಿ ಮಾಡೇವಿ" ಅಂದ. ನಮ್ಮ ಗ್ರೂಪಿನಿಂದ ಫೋಟೋ ತೆಗೆದುಹಾಕಿದರು. ಎರಡು ದಿನ ಬಿಟ್ಟು ಮುದ್ದೇಬಿಹಾಳದಿಂದ ಮಗಳ ಫೋನ್ ಬಂತು. "ಅವ್ವಾ, ನಿಮ್ಮ ಓಣ್ಯಾಗ ಮಕ್ಕಳ ಕಳ್ಳ ಸಿಕ್ಕಾನಂತಲ್ಲ? ನಮ್ಮ ಗ್ರೂಪಿಗೆ ಫೋಟೋ ಬಂದೈತಿ." ಅವಳು ಕಳಿಸಿದ ಫೋಟೋದಲ್ಲಿ ಅದೇ ಧೋತರ, ಅದೇ ಕೆನ್ನೆ. ನಾಳೆ ನಿಂಗಪ್ಪ ಬಾಗೇವಾಡಿ ಸಂತೆಗೆ ದನ ಮಾರಲು ಹೋದಾಗ ಆ ಫೋಟೋ ನೋಡಿದವರ ಕೈಗೆ ಸಿಕ್ಕರೆ ಏನು ಗತಿ?

ಕಾವಲು ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮ ಹಳ್ಳಿಯಲ್ಲೂ ಹೊಸಬರನ್ನು ನಿಲ್ಲಿಸಿ 'ಯಾರ ಪೈಕಿ?' ಎಂದು ಕೇಳುತ್ತಿದ್ದರು. ಉತ್ತರ ಸಿಕ್ಕ ಮೇಲೆ ದಾರಿ ತೋರಿಸುತ್ತಿದ್ದರು. ನಾವು ಅದೇ ಪ್ರಶ್ನೆ ಕೇಳಿದೆವು. ಅವನು ನಿಜವನ್ನೇ ಹೇಳಿದ. ನಾವು ನಕ್ಕೆವು.

ಹುಸೇನಬಿ ಹತ್ತು ದಿನದ ಮೇಲೆ ಬಂದಳು. ನೇರ ನಮ್ಮ ಕಟ್ಟೆಗೆ ಬಂದು ಕೂತಳು. ನಾನು ಜೋಳದ ಮೊರದಿಂದ ಕಣ್ಣು ಎತ್ತಲಿಲ್ಲ.

"ಅವ್ವಾರ, ನಾ ಎಲ್ಲಿ ಕೆಲಸಕ್ಕ ಹೋಗ್ತೇನಿ ಅಂತ ನಿಮಗ ಗೊತ್ತಿತ್ತಲ್ರಿ?"

"ಗೊತ್ತಿತ್ತವಾ."

ಅವಳು ಎದ್ದು ಹೋಗಿ ತನ್ನ ಮನೆಯ ಕೀಲಿ ತೆಗೆದಳು.

ಅವಳು ಕೇಳದೆ ಬಿಟ್ಟದ್ದನ್ನು ನಾನೇ ಕೇಳಿಕೊಳ್ಳುತ್ತಿದ್ದೇನೆ: ಸೀಟಿ ಊದಲು ನಾಚದ ಬಾಯಿ, 'ಅವನ್ನ ಬಿಡ್ರಿ' ಅನ್ನಲು ಯಾಕೆ ನಾಚಿತು?