ಎಣಿಕೆ ಸಿಸ್ಟರ್ ಮತ್ತು ನೂರು ಎಂಬಿಯ ಚೂರು

ನಮ್ಮ ದೊಡ್ಡಮ್ಮ ಮೆಟ್ಟಿಲು ಹತ್ತುವಾಗಲೂ ಎಣಿಸುತ್ತಾಳೆ. ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹದಿನಾಲ್ಕು ಮೆಟ್ಟಿಲು ಅಂತ ನನಗೆ ತಿಳಿದದ್ದೇ ಅವಳಿಂದ. ಆರು ವರ್ಷದಿಂದ ದಿನಾ ಹತ್ತಿ ಇಳಿಯುವವಳು ನಾನು, ಆದರೆ ಎಣಿಸುವ ಪುರಸೊತ್ತು ಯಾರಿಗಿದೆ?

ಅವಳು ಇಪ್ಪತ್ತೈದು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವಳು. ಹೊಟ್ಟೆ ಕುಯ್ಯುವ ಮುಂಚೆ ಕತ್ತರಿ ಎಷ್ಟು, ಸೂಜಿ ಎಷ್ಟು, ರಕ್ತ ಒರೆಸುವ ಬಟ್ಟೆ ಎಷ್ಟು ಅಂತ ಎಣಿಸಿ ಗೋಡೆಯ ಬೋರ್ಡಿನ ಮೇಲೆ ಬರೆಯಬೇಕು. ಹೊಲಿಗೆ ಹಾಕುವ ಮುಂಚೆ ಮತ್ತೆ ಎಣಿಸಿ ತಾಳೆ ನೋಡಬೇಕು. ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಎಣಿಕೆ ಸಿಸ್ಟರ್ ಅಂತಲೇ ಕರೆಯುತ್ತಿದ್ದರು. ನಿವೃತ್ತಿ ಆದ ಮೇಲೂ ಚಾಳಿ ಬಿಡಲಿಲ್ಲ. ಒಗೆಯುವ ಮುಂಚೆ ಬಟ್ಟೆ ಎಣಿಸುತ್ತಾಳೆ, ಒಣಗಿದ ಮೇಲೂ ಎಣಿಸುತ್ತಾಳೆ. ಒಂದು ಕಾಲುಚೀಲ ಕಡಿಮೆ ಬಂತೋ, ಇಡೀ ಮನೆ ತಲೆಕೆಳಗು. ನಾನೋ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಓಡಾಡುವವಳು. ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ ಅಂತ ಅಮ್ಮ ನಗುತ್ತಿರುತ್ತಾಳೆ.

ಐದು ವರ್ಷದಿಂದ ದೊಡ್ಡಮ್ಮ ಒಂದು ಪುಸ್ತಕ ಬರೆಯುತ್ತಿದ್ದಳು, ಥಿಯೇಟರಿಗೆ ಹೊಸದಾಗಿ ಬರುವ ನರ್ಸುಗಳಿಗಾಗಿ. ಒಟ್ಟು ಇಪ್ಪತ್ತೆರಡು ಪಾಠ. ನರ್ಸಿಂಗ್ ಶಾಲೆಯ ಹೆಡ್ ಮೇಡಂ ಅದನ್ನು ಅಚ್ಚು ಹಾಕಿಸಿ ಮಕ್ಕಳಿಗೆ ಕೊಡುತ್ತೇವೆ, ಸೋಮವಾರ ಬೆಳಿಗ್ಗೆ ಹತ್ತಕ್ಕೆ ತನ್ನಿ ಅಂದಿದ್ದರು. ಪುಸ್ತಕ ಇದ್ದದ್ದು ಅವಳ ಮನೆಯ ಕಂಪ್ಯೂಟರಿನಲ್ಲಿ ಮಾತ್ರ. ಪೆನ್ ಡ್ರೈವಿನಲ್ಲಿ ಒಂದು ಪ್ರತಿ ಇತ್ತು, ಅದು ನೈಟಿಯ ಜೇಬಿನೊಳಗೇ ಕೂತು ವಾಷಿಂಗ್ ಮೆಷಿನ್ನಿಗೆ ಹೋಯಿತು. ಬಟ್ಟೆ ಎಣಿಸಿದವಳು ಜೇಬು ತಡಕಲಿಲ್ಲವಲ್ಲ ಅಂತ ನಾನು ಒಂದು ವಾರ ಆಡಿಕೊಂಡಿದ್ದೆ.

ಆ ಕಂಪ್ಯೂಟರಿಗೆ ಒಂದು ರೋಗ ಇತ್ತು. ಹೋದ ವರ್ಷ ನಾನೇ ಅದಕ್ಕೆ ಹೊಸ ಡಿಸ್ಕ್ ಹಾಕಿ, ಹೊಸದಾಗಿ ವಿಂಡೋಸ್ ಹಾಕಿಕೊಟ್ಟಿದ್ದೆ. ಹಳೇ ಡಿಸ್ಕನ್ನು ಬಿಚ್ಚದೆ ಹಾಗೇ ಬಿಟ್ಟಿದ್ದೆ. ಸೋಮಾರಿತನ, ಇನ್ನೇನು! ಹಾಗಾಗಿ ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ಹಳೇದು ಬೇಕಾ ಹೊಸದು ಬೇಕಾ ಅಂತ ಕೇಳುತ್ತಿತ್ತು. ಅರ್ಧ ನಿಮಿಷದಲ್ಲಿ ಉತ್ತರ ಬರಲಿಲ್ಲ ಅಂದರೆ ತಾನೇ ಹಳೇದಕ್ಕೆ ಹೋಗುತ್ತಿತ್ತು. ದೊಡ್ಡಮ್ಮ ಸ್ವಿಚ್ ಒತ್ತಿ ಕಾಫಿ ತರೋಕೆ ಹೋಗುವವಳು. ಬಂದು ನೋಡಿದರೆ ಹೊಸದರಲ್ಲಿದ್ದ ಪುಸ್ತಕ ಮಂಗಮಾಯ. "ಪುಟ್ಟೀ, ನನ್ನ ಪುಸ್ತಕ ಹೋಯ್ತು ಕಣೇ!" ಅಂತ ಫೋನಿನಲ್ಲೇ ಪ್ರಾಣ ಬಿಡುವವಳು. ತಿಂಗಳಿಗೆ ನಾಲ್ಕು ಸಲ ಇದೇ ಗೋಳು. ಸೋಮವಾರ ಬೆಳಿಗ್ಗೆಯೂ ಹೀಗಾದರೆ ಇವಳ ಹೃದಯ ನಿಂತೇ ಹೋಗುತ್ತದೆ ಅಂತ ನಾನು ಭಾನುವಾರ ಸಲಕರಣೆ ಹಿಡಿದು ಅವಳ ಮನೆಗೆ ಹೋದೆ.

"ಏನು ತೆಗೀತೀಯಾ? ಎಲ್ಲಿಂದ ತೆಗೀತೀಯಾ? ತೆಗೆದ ಮೇಲೆ ಏನು ಉಳಿಯುತ್ತೆ?" ಅಂತ ಬಾಗಿಲಲ್ಲೇ ಶುರು ಮಾಡಿದಳು.

"ಹಳೇ ಡಿಸ್ಕಿನ ಮೊದಲಲ್ಲಿ ನೂರು ಎಂಬಿಯ ಒಂದು ಚೂರು ಇದೆ, ದೊಡ್ಡಮ್ಮ. ಬೂಟ್ ಪಾರ್ಟಿಶನ್ ಅಂತಾರೆ. ಕಂಪ್ಯೂಟರ್ ಕಣ್ಣು ಬಿಟ್ಟ ತಕ್ಷಣ ಎಲ್ಲಿಗೆ ಹೋಗಬೇಕು ಅಂತ ದಾರಿ ತೋರಿಸೋದು ಅದೇ. ಅದನ್ನ ತೆಗೆದು ಬಿಸಾಕಿದರೆ ಈ ಹಳೇದು ಹೊಸದು ರಗಳೆ ಮುಗೀತು."

"ದಾರಿ ತೋರಿಸೋನನ್ನೇ ಬಿಸಾಕಿದ್ರೆ ಹೊಸದಕ್ಕೆ ದಾರಿ ತೋರಿಸೋರು ಯಾರು?"

ನನ್ನ ಅಂಗಡಿಗೆ ಬರುವ ನೂರು ಗಿರಾಕಿಗಳಲ್ಲಿ ಒಬ್ಬರೂ ಈ ಪ್ರಶ್ನೆ ಕೇಳುವುದಿಲ್ಲ. ನೂರೇ ಎಂಬಿ, ಕಸ ಅಂತ ಅಳಿಸಿಬಿಡುತ್ತಾರೆ. ಮರುದಿನ ಕಪ್ಪು ಪರದೆ ಹೊತ್ತುಕೊಂಡು ನನ್ನ ಹದಿನಾಲ್ಕು ಮೆಟ್ಟಿಲು ಹತ್ತುತ್ತಾರೆ. ದೊಡ್ಡಮ್ಮ ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಹಿಂದಿನ ಖಾಲಿ ಬದಿಯನ್ನು ಗೋಡೆಗೆ ಅಂಟಿಸಿ ಪೆನ್ನು ಹಿಡಿದು ನಿಂತಳು. ನಾನು ಹೇಳಿದ ಹಾಗೆ ಬರೆದಳು. ಒಂದು, ದಾರಿ ತೋರಿಸುವ ಫೈಲುಗಳನ್ನು ಹೊಸ ಡಿಸ್ಕಿಗೆ ಹಾಕಿ, ಇನ್ನು ಮೇಲೆ ಇಲ್ಲಿಂದಲೇ ಏಳು ಅಂತ ಗುರುತು ಮಾಡುವುದು. ಎರಡು, ಹಳೇ ಡಿಸ್ಕಿನ ತಂತಿ ಕಿತ್ತು, ಹೊಸದು ತಾನಾಗಿ ಏಳುತ್ತದಾ ನೋಡುವುದು. ಮೂರು, ಎದ್ದರೆ ತಂತಿ ಮತ್ತೆ ಹಾಕಿ ಆ ಚೂರನ್ನು ಅಳಿಸುವುದು. ಕೆಳಗೆ ಡಿಸ್ಕುಗಳ ನಂಬರ್ ಬರೆಸಿದೆ. ಸೊನ್ನೆ ಅಂದರೆ ಹೊಸದು, ಅದರ ಮೊದಲನೇ ಪಾಲಿನಲ್ಲಿ ಪುಸ್ತಕ. ಒಂದು ಅಂದರೆ ಹಳೇದು, ಅದರ ಮೊದಲನೇ ಪಾಲು ನಮ್ಮ ಚೂರು.

ಮೊದಲೆರಡು ಕೆಲಸ ಹೂವೆತ್ತಿದ ಹಾಗೆ ಆಯಿತು. ತಂತಿ ಕಿತ್ತರೂ ಕಂಪ್ಯೂಟರ್ ಯಾವ ಪ್ರಶ್ನೆಯನ್ನೂ ಕೇಳದೆ ಎದ್ದಿತು. ದೊಡ್ಡಮ್ಮ ಚಪ್ಪಾಳೆ ತಟ್ಟಿದಳು. ನಾನು ತಂತಿ ವಾಪಸ್ ಹಾಕಿ ಮೂರನೆಯದಕ್ಕೆ ಕೈ ಹಾಕಿದೆ, ಅಷ್ಟರಲ್ಲಿ ಅವಳು ತಡಿ ಅಂದಳು.

"ಪುಸ್ತಕದ ಪ್ರತಿ ತೆಗೆದುಕೊಂಡ್ಯಾ?"

"ಪುಸ್ತಕದ ತಂಟೆಗೇ ನಾವು ಹೋಗ್ತಿಲ್ಲ ದೊಡ್ಡಮ್ಮ!"

"ಕರುಳಿನ ತಂಟೆಗೆ ಹೋಗಲ್ಲ ಅಂತ ಹೇಳಿಯೇ ಡಾಕ್ಟರುಗಳು ಕರುಳು ಕುಯ್ದಿದ್ದು ನಾನು ನೋಡಿದ್ದೀನಿ. ಒಂದೊಂದೇ ಪಾಠ ಹಾಕು. ಹಾಕಿದ್ದನ್ನ ತೆಗೆದು ನೋಡು. ಕೊನೇ ಸಾಲು ಬಂದಿದೆಯಾ ಅಂತ ಹೇಳು, ನಾನು ಗುರುತು ಹಾಕ್ತೀನಿ."

ಕರ್ಮ ಅಂದುಕೊಂಡು ಕೂತೆ. ಒಂದೊಂದೇ ಪಾಠವನ್ನು ನನ್ನ ಪೆನ್ ಡ್ರೈವಿಗೆ ಹಾಕುವುದು, ತೆಗೆಯುವುದು, ಕೊನೇ ಸಾಲು ಓದುವುದು. ಅವಳು ಗೋಡೆಯ ಹಾಳೆಯಲ್ಲಿ ಗೀಟು ಎಳೆಯುವುದು. ಕೈ ತೊಳೆಯುವ ಪಾಠ, ಸೂಜಿಯ ಪಾಠ, ದೀಪದ ಪಾಠ. ಹದಿನಾರು ಮುಗಿಯಿತು. ಹದಿನೇಳನೆಯದಕ್ಕೆ ಹೋದೆ.

"ಅದು ಬೇಡ," ಅಂದಳು ದೊಡ್ಡಮ್ಮ. "ಅದು ಸರಿ ಇರುತ್ತೆ. ಹದಿನೆಂಟಕ್ಕೆ ಹೋಗು."

ನಾನು ತಿರುಗಿ ನೋಡಿದೆ. ನನ್ನ ಜನ್ಮದಲ್ಲಿ ಇವಳ ಬಾಯಿಂದ ಒಂದನ್ನು ಬಿಟ್ಟು ಎಣಿಸು ಅನ್ನುವ ಮಾತು ಕೇಳಿದವಳಲ್ಲ ನಾನು. "ಆಹಾಹಾ! ಬೆಳಿಗ್ಗೆಯಿಂದ ನನ್ನ ಪ್ರಾಣ ತಿಂದವಳು ನೀನು. ಈಗ ಸರಿ ಇರುತ್ತೆ ಅಂತೆ!" ಅಂತ ನಗುತ್ತಲೇ, ಪೆನ್ ಡ್ರೈವಿಗೆ ಹಾಕುವ ಮುಂಚೆಯೇ ತೆಗೆದೆ. ಕೊನೇ ಸಾಲಿಗೆ ಹೋದೆ. 'ಆ ಮಗು ನರ್ಸಿನ ತಂಗಿಯ ಮಗಳು' ಅಂತ ಇತ್ತು.

ದೊಡ್ಡಮ್ಮನಿಗೆ ಇರುವುದು ಒಬ್ಬಳೇ ತಂಗಿ. ಅವಳಿಗೆ ಒಬ್ಬಳೇ ಮಗಳು. ಮೇಲಿನಿಂದ ಓದಿದೆ.

'ರೋಗಿ ಒಂಬತ್ತು ವರ್ಷದ ಹುಡುಗಿ. ಅಪೆಂಡಿಕ್ಸ್ ಒಡೆದಿತ್ತು. ಹೊಲಿಗೆಗೆ ಮುಂಚೆ ಎಣಿಸಿದಾಗ ಹತ್ತು ಬಟ್ಟೆಗಳಲ್ಲಿ ಒಂಬತ್ತೇ ಸಿಕ್ಕವು. ನರ್ಸ್ ಒಂದು ಸಲ ಹೇಳಿದಳು. ನಿನಗೆ ಎಣಿಸೋಕೆ ಬರಲ್ಲ, ಬಾಯಿ ಮುಚ್ಕೊಂಡಿರು ಅಂತ ಡಾಕ್ಟರ್ ಗದರಿದರು. ನರ್ಸ್ ಬಾಯಿ ಮುಚ್ಚಿಕೊಂಡಳು. ಬೋರ್ಡಿನ ಮೇಲೆ ಹತ್ತು ಅಂತ ಬರೆದಳು. ಹನ್ನೆರಡನೇ ದಿನ ಮಗುವಿನ ಹೊಟ್ಟೆಯನ್ನು ಮತ್ತೆ ಬಿಚ್ಚಿ ಆ ಬಟ್ಟೆಯನ್ನು ತೆಗೆದರು. ಮಗು ಬದುಕಿತು.'

ನನ್ನ ಹೊಟ್ಟೆಯ ಮೇಲೆ ಎರಡು ಗೀರು ಇವೆ. ಒಳಗೆ ಕೀವು ಕಟ್ಟಿತ್ತು, ಅದಕ್ಕೇ ಎರಡನೇ ಸಲ ಕುಯ್ಯಬೇಕಾಯಿತು ಅಂತ ನನಗೆ ಹೇಳಿದ್ದರು. ನಾನು ಇಪ್ಪತ್ತೆಂಟು ವರ್ಷ ಅದನ್ನೇ ನಂಬಿದ್ದೆ. ಶಾಲೆಗೆ ಒಂದು ವರ್ಷ ಹೋಗಲಿಲ್ಲ. ನನ್ನ ಜೊತೆಯವರು ಮುಂದಿನ ಕ್ಲಾಸಿಗೆ ಹೋದರು, ನಾನು ಚಿಕ್ಕವರ ಜೊತೆ ಕೂತೆ. ಆ ಒಂದು ವರ್ಷವೂ ಇದೇ ದೊಡ್ಡಮ್ಮ ದಿನಾ ಬಂದು ನನ್ನ ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದಳು. ನಾನು ಅವಳನ್ನು ದೇವರು ಅಂದುಕೊಂಡಿದ್ದೆ.

"ಇದು ನಾನಾ?" ಅಂದೆ.

"ಹೂಂ."

"ಗೊತ್ತಿತ್ತಾ ನಿನಗೆ? ಒಳಗೆ ಬಿಟ್ಟು ಹೊಲೀತಿದ್ದಾರೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಒಂದು ಸಲ ಹೇಳಿದೆ. ಎರಡನೇ ಸಲ ಹೇಳೋಕೆ ಹೆದರಿಕೆ ಆಯ್ತು ಪುಟ್ಟೀ. ಥಿಯೇಟರಿಗೆ ಬಂದು ಎರಡೇ ವರ್ಷ ಆಗಿತ್ತು."

ಅಳಬೇಕಿತ್ತು, ಆದರೆ ನನಗೆ ಅಳು ಬರುವ ಮುಂಚೆ ಸಿಟ್ಟು ಬರುತ್ತದೆ. ಇವಳ ಮುಖ ನೋಡಲಾರೆ, ಈ ಕೆಲಸ ಮುಗಿಸಿ ಈ ಮನೆಯಿಂದ ಎದ್ದು ಹೋಗಬೇಕು, ಅಷ್ಟೇ ನನ್ನ ತಲೆಯಲ್ಲಿ. ಉಳಿದ ಪಾಠಗಳನ್ನು ಅಲ್ಲೇ ಬಿಟ್ಟೆ. ಡಿಸ್ಕಿನ ಕೆಲಸ ಮಾಡುವ ಕಪ್ಪು ಪರದೆ ತೆಗೆದು ದಬದಬ ಟೈಪ್ ಮಾಡಿದೆ. ಡಿಸ್ಕ್ ಆರಿಸು, ಪಾಲು ಆರಿಸು, ಅಳಿಸು. ಇಂಥ ಪಾಲನ್ನು ಅಳಿಸಲು ಕಂಪ್ಯೂಟರ್ ಸುಲಭಕ್ಕೆ ಬಿಡುವುದಿಲ್ಲ, ಅದಕ್ಕೆ ಬಲವಂತ ಮಾಡುವ ಪದವೊಂದನ್ನು ಕೊನೆಗೆ ಸೇರಿಸಬೇಕು. ಸೇರಿಸಿದೆ. ಎಂಟರ್ ಒತ್ತುವುದೊಂದೇ ಬಾಕಿ.

"ನಿಲ್ಲು," ಅಂದಳು ದೊಡ್ಡಮ್ಮ. "ತಾಳೆ ಆಗ್ತಿಲ್ಲ."

"ನನ್ನ ಕೆಲಸ ನನಗೆ ಗೊತ್ತು."

"ನಿಲ್ಲು ಪುಟ್ಟೀ. ತಾಳೆ ಆಗ್ತಿಲ್ಲ."

"ನೀನು ಬಾಯಿ ಮುಚ್ಕೊಂಡಿರು!" ಅಂತ ಕಿರುಚಿದೆ.

"ಮುಚ್ಚಲ್ಲ!" ಅಂತ ಅವಳು ನನಗಿಂತ ಜೋರಾಗಿ ಕಿರುಚಿದಳು. ಓಡಿ ಬಂದು ನನ್ನ ಮಣಿಕಟ್ಟು ಹಿಡಿದುಕೊಂಡಳು. ಅರವತ್ತು ದಾಟಿದವಳ ಹಿಡಿತ ಅಷ್ಟು ಗಟ್ಟಿ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. "ಗೋಡೆಯ ಮೇಲೆ ಡಿಸ್ಕ್ ಒಂದು ಅಂತ ಇದೆ. ನೀನು ಸೊನ್ನೆ ಅಂತ ಹೊಡೆದಿದ್ದೀಯಾ. ನೋಡು. ನೀನೇ ನೋಡು."

ನೋಡಿದೆ. ಸೊನ್ನೆ! ಹೊಸ ಡಿಸ್ಕ್, ಮೊದಲನೇ ಪಾಲು. ಎಂಟರ್ ಒತ್ತಿದ್ದರೆ ಪುಸ್ತಕ ಇದ್ದ ಪಾಲೇ ಹೋಗುತ್ತಿತ್ತು. ಹದಿನಾರು ಪಾಠ ಪೆನ್ ಡ್ರೈವಿನಲ್ಲಿ ಉಳಿಯುತ್ತಿತ್ತು, ಹದಿನೇಳರಿಂದ ಮುಂದೆ ಒಂದಕ್ಷರವೂ ಸಿಗುತ್ತಿರಲಿಲ್ಲ. ಹದಿನೈದು ವರ್ಷದ ಅನುಭವ ನನ್ನದು! ಡಾಕ್ಟರ್ ಆಡಿದ ಮಾತನ್ನೇ ನಾನು ಆಡಿದ್ದೆ, ಅಕ್ಷರ ಬಿಡದೆ. ಇನ್ನೊಂದು ವಿಷಯವೂ ಆಗಲೇ ಹೊಳೆಯಿತು. ಇವಳು ಸುಮ್ಮನೆ ನಿಂತಿದ್ದರೆ ಆ ಹದಿನೇಳನೇ ಪಾಠ ಹೇಳಹೆಸರಿಲ್ಲದೆ ಅಳಿಸಿಹೋಗುತ್ತಿತ್ತು, ತಪ್ಪು ನನ್ನ ತಲೆಗೆ ಬರುತ್ತಿತ್ತು. ಅದನ್ನು ಬರೆದವಳೇ ಅದನ್ನು ಉಳಿಸಲು ಕಿರುಚಿದ್ದಳು.

ಇಬ್ಬರೂ ಸೇರಿ ಉಳಿದ ಆರು ಪಾಠ ಹಾಕಿದೆವು, ತೆಗೆದು ನೋಡಿದೆವು, ಅವಳು ಗೀಟು ಎಳೆದಳು. ಆಮೇಲೆ ಡಿಸ್ಕ್ ಒಂದು ಅಂತ ನಾನು ಗಟ್ಟಿಯಾಗಿ ಓದಿದೆ, ಅವಳು ಗೋಡೆ ನೋಡಿ ಒಂದು ಅಂದಳು. ಪಾಲು ಒಂದು, ನೂರು ಎಂಬಿ. ಹೌದು ಅಂದಳು. ಒತ್ತಿದೆ. ಚೂರು ಹೋಯಿತು. ಕಂಪ್ಯೂಟರ್ ಆರಿಸಿ ಮತ್ತೆ ಹಾಕಿದರೆ ಸೀದಾ ಅವಳ ಪುಸ್ತಕದ ಮುಂದೆ ಬಂದು ನಿಂತಿತು.

"ಆ ಪಾಠ ಬೇಡ ಅಂದ್ರೆ ಈಗಲೇ ತೆಗೀತೀನಿ," ಅಂದಳು ದೊಡ್ಡಮ್ಮ. "ನಿನಗೆ ತೋರಿಸದೆ ಕೊಡಬಾರದು ಅಂತ ಇತ್ತು. ತೋರಿಸೋ ಧೈರ್ಯ ಬರಲಿಲ್ಲ."

"ಅಮ್ಮನಿಗೆ ಗೊತ್ತಾ?"

ಅವಳು ಇಲ್ಲ ಅಂತ ತಲೆ ಅಲ್ಲಾಡಿಸಿದಳು. "ಅದಕ್ಕೇ ಹೆಸರು ಹಾಕಿಲ್ಲ."

"ಹೆಸರು ಯಾಕೆ ಬೇಕು ಅಮ್ಮನಿಗೆ? ತೆಗೀಬೇಡ. ಆದ್ರೆ ನಾಳೆ ಶಾಲೆಗೆ ಕೊಡೋ ಮುಂಚೆ ಇವತ್ತು ಅಮ್ಮನಿಗೆ ಓದಿ ಹೇಳು. ನಾನು ಹೇಳಲ್ಲ. ನೀನೇ ಹೇಳಬೇಕು."

"ಅವಳು ಇನ್ನು ನನ್ನ ಮುಖ ನೋಡಲ್ಲ ಕಣೇ."

"ನೋಡದೇ ಇರಬಹುದು," ಅಂದೆ. ಅವಳಿಗೆ ಸಮಾಧಾನ ಹೇಳುವ ಮನಸ್ಸು ನನಗಿರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಅಮ್ಮನ ಮನೆ ಎರಡು ಬೀದಿ ಆಚೆ. ಅಮ್ಮ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಇಬ್ಬರ ಮುಖ ನೋಡಿ, ಯಾರಿಗೇನಾಯ್ತು ಅಂತ ಗಾಬರಿಯಾದಳು. ದೊಡ್ಡಮ್ಮ ಕೂರಲಿಲ್ಲ. ಬಾಗಿಲ ಹತ್ತಿರವೇ ನಿಂತು, ಪ್ರಿಂಟ್ ತೆಗೆದುಕೊಂಡು ಬಂದಿದ್ದ ಹಾಳೆಯನ್ನು ಓದಿದಳು. ಮೊದಲ ಸಾಲಿನಿಂದ ಕೊನೇ ಸಾಲಿನ ತನಕ, ಒಂದೇ ದನಿಯಲ್ಲಿ.

ಅಮ್ಮ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಆರಿಸಿದಳು. ಬೈಯುತ್ತಾಳೆ, ಕೂಗಾಡುತ್ತಾಳೆ, ಹೊರಗೆ ಹೋಗು ಅನ್ನುತ್ತಾಳೆ ಅಂತ ನಾನು ಕಾದೆ. ಅವಳು ಮಡಿಸಿಟ್ಟ ಬಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಬಟ್ಟೆ ಮೊದಲನೇ ದಿನದಿಂದಲೇ ಒಳಗಿತ್ತಾ ಅಕ್ಕಾ?"

"ಮೊದಲನೇ ದಿನದಿಂದ."

"ಹಾಗಾದ್ರೆ ಹಾಲಿನಿಂದ ಆಗಿದ್ದಲ್ವಾ?"

"ಯಾವ ಹಾಲು?" ಅಂದಳು ದೊಡ್ಡಮ್ಮ. ನನಗೂ ಅರ್ಥವಾಗಲಿಲ್ಲ.

"ಎರಡನೇ ದಿನ ಮಧ್ಯಾಹ್ನ," ಅಂದಳು ಅಮ್ಮ. "ಬಾಯಿಗೆ ಏನೂ ಹಾಕಬೇಡ ಅಂತ ನೀನೇ ಹೇಳಿ ಹೋಗಿದ್ದೆ. ಇವಳು ಹಸಿವು ಹಸಿವು ಅಂತ ಅಳ್ತಿದ್ಲು. ನನ್ನಿಂದ ನೋಡೋಕಾಗಲಿಲ್ಲ. ಯಾರಿಗೂ ಕಾಣದ ಹಾಗೆ ಎರಡು ಚಮಚ ಹಾಲು ಕುಡಿಸಿಬಿಟ್ಟೆ. ಆಮೇಲೆ ಜ್ವರ ಬಂತಲ್ಲ, ಮತ್ತೆ ಕುಯ್ದರಲ್ಲ. ನಿನಗೆ ಹೇಳಲಿಲ್ಲ, ಇವರಪ್ಪನಿಗೂ ಹೇಳಲಿಲ್ಲ. ನನ್ನ ಮಗಳ ಹೊಟ್ಟೆ ಎರಡನೇ ಸಲ ಕುಯ್ಯಿಸಿದ್ದು ನಾನೇ ಅಂತ ಇಷ್ಟು ವರ್ಷ..."

ದೊಡ್ಡಮ್ಮನ ಕೈಯಿಂದ ಹಾಳೆ ಜಾರಿ ಕೆಳಗೆ ಬಿತ್ತು. ಅಮ್ಮ ಅವಳ ಹತ್ತಿರ ಬಂದು, ಇನ್ನೂ ನಂಬಿಕೆ ಬಾರದವಳ ಹಾಗೆ ಅವಳ ಮುಖವನ್ನೇ ನೋಡುತ್ತಾ ಕೇಳಿದಳು.

"ನನ್ನಿಂದ ಅಲ್ವಾ ಅಕ್ಕಾ?"

"ಅಲ್ಲ ಕಣೇ," ಅಂದಳು ದೊಡ್ಡಮ್ಮ. "ನನ್ನಿಂದ."